ಆಟಗಾರನಿಗೆ ಕೊಟ್ಟ ಬೆಲೆ ಹೆಚ್ಚಾಯಿತೆ? ಲೆಕ್ಕ ಹಾಕುವ ಬಗೆ

ಕ್ರಿಕೆಟ್ ಆಟಗಾರರ ಹರಾಜು ಮುಗಿದ ಮರುದಿನ ಶಾಲೆಯ ಸಿಬ್ಬಂದಿ ಕೊಠಡಿಯಿಂದ ಹಿಡಿದು ಬಸ್ ನಿಲ್ದಾಣದವರೆಗೆ ಒಂದೇ ಚರ್ಚೆ. "ಅವನಿಗೆ ಅಷ್ಟು ಕೋಟಿಯೆ? ದುಡ್ಡು ದಂಡ!" ಎಂದು ಒಬ್ಬರು, "ಆಟ ನೋಡಿ ಆಮೇಲೆ ಹೇಳಿ" ಎಂದು ಇನ್ನೊಬ್ಬರು. ಇದು ಕೇವಲ ಅಭಿರುಚಿಯ ಮಾತೆ? ಅಥವಾ ಇದನ್ನು ಅಳೆಯಲು ಸಾಧ್ಯವೆ? ಪ್ರೌಢಶಾಲೆ ಮತ್ತು ಪದವಿಪೂರ್ವ ತರಗತಿಗಳಲ್ಲಿ ಕಲಿಯುವ ಸರಾಸರಿ, ಮಾನಕ ವಿಚಲನೆ, ಸಂಭವನೀಯತೆಗಳಷ್ಟೇ ಇದಕ್ಕೆ ಸಾಕು.

ಒಂದು ನಿಜವಾದ ಉದಾಹರಣೆ ತೆಗೆದುಕೊಳ್ಳೋಣ. ಕರ್ನಾಟಕದ ಆಫ್ ಸ್ಪಿನ್ ಬೌಲರ್ ಹಾಗೂ ಕೆಳ ಕ್ರಮಾಂಕದ ಬಿರುಸಿನ ದಾಂಡಿಗ ಕೃಷ್ಣಪ್ಪ ಗೌತಮ್. ಇಂಡಿಯನ್ ಪ್ರೀಮಿಯರ್ ಲೀಗ್‌ನ (ಐಪಿಎಲ್) ಹರಾಜುಗಳಲ್ಲಿ ಅವರಿಗೆ ಸಿಕ್ಕ ಬೆಲೆ ಹೀಗಿದೆ:

2017: 2 ಕೋಟಿ ರೂ. (ಮುಂಬೈ ಇಂಡಿಯನ್ಸ್)
2018: 6.2 ಕೋಟಿ ರೂ. (ರಾಜಸ್ಥಾನ್ ರಾಯಲ್ಸ್)
2021: 9.25 ಕೋಟಿ ರೂ. (ಚೆನ್ನೈ ಸೂಪರ್ ಕಿಂಗ್ಸ್)
2022: 90 ಲಕ್ಷ ರೂ. (ಲಖನೌ ಸೂಪರ್ ಜೈಂಟ್ಸ್)

2021ರ ಬೆಲೆ, ಭಾರತ ತಂಡಕ್ಕೆ ಅಲ್ಲಿಯವರೆಗೆ ಆಡಿರದ ಆಟಗಾರನೊಬ್ಬನಿಗೆ ಐಪಿಎಲ್ ಹರಾಜಿನಲ್ಲಿ ಸಿಕ್ಕ ಅತಿ ದೊಡ್ಡ ಮೊತ್ತವಾಗಿತ್ತು. ಆ ಋತುವಿನಲ್ಲಿ ಅವರಿಗೆ ಒಂದು ಪಂದ್ಯವನ್ನೂ ಆಡುವ ಅವಕಾಶ ದೊರೆಯಲಿಲ್ಲ. ಒಂದೇ ವರ್ಷದ ಬಳಿಕ ಬೆಲೆ ಹತ್ತನೆಯ ಒಂದು ಪಾಲಿಗೆ ಇಳಿಯಿತು. ಹನ್ನೆರಡು ತಿಂಗಳಲ್ಲಿ ಮನುಷ್ಯನೊಬ್ಬನ ಕೌಶಲ ಹತ್ತರಲ್ಲಿ ಒಂಬತ್ತು ಪಾಲು ಕರಗಿಹೋಗುತ್ತದೆಯೆ? ಖಂಡಿತ ಇಲ್ಲ. ಹಾಗಾದರೆ ಬೆಲೆ ಅಳೆಯುತ್ತಿದ್ದುದು ಏನನ್ನು?

ಪೂರಕ ಆಟಗಾರ ಎಂಬ ಒಗಟು

ಪ್ರತಿ ತಂಡದಲ್ಲೂ ಎರಡು ಬಗೆಯ ಆಟಗಾರರಿರುತ್ತಾರೆ. ತಾರೆಯರು ಮೊದಲ ಬಗೆ. ಇವರ ಮೌಲ್ಯದ ಬಗ್ಗೆ ಜಗಳ ಕಡಿಮೆ. ಇವರ ಸುತ್ತ ಒಂದೊಂದು ನಿರ್ದಿಷ್ಟ ಕೆಲಸ ಮಾಡುವ ಪೂರಕ ಆಟಗಾರರು ಎರಡನೆಯ ಬಗೆ. ಹದಿನೈದನೆಯ ಓವರಿನ ನಂತರ ಬಂದು ಹತ್ತು ಎಸೆತ ಆಡುವವನು, ಎಡಗೈ ದಾಂಡಿಗರಿಗೆ ಎರಡು ಓವರ್ ಎಸೆಯುವವನು, ಬ್ಯಾಸ್ಕೆಟ್‌ಬಾಲ್‌ನಲ್ಲಿ ಎದುರಾಳಿಯ ಮುಖ್ಯ ಆಟಗಾರನನ್ನು ತಡೆಯುವುದಷ್ಟೇ ಕೆಲಸವಾದವನು, ಇವರೆಲ್ಲ ಈ ಗುಂಪಿನವರು. ಅಂಕಪಟ್ಟಿಯಲ್ಲಿ ಇವರ ಹೆಸರಿನ ಮುಂದೆ ಸಣ್ಣ ಸಂಖ್ಯೆಗಳೇ ಇರುತ್ತವೆ. ಹೀಗಾಗಿ ಇವರಿಗೆ ದೊಡ್ಡ ಸಂಬಳ ಕೊಟ್ಟಾಗ ಜನರಿಗೆ ತಟ್ಟನೆ ಅನ್ನಿಸುವುದು "ಹೆಚ್ಚಾಯಿತು" ಎಂದೇ.

ಈ ಪ್ರಶ್ನೆಯನ್ನು ಹೆಚ್ಚು ಆಳವಾಗಿ ಕೆದಕಿದವರು ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ತಂಡಗಳ ಲೆಕ್ಕಿಗರು. ಹ್ಯೂಸ್ಟನ್ ರಾಕೆಟ್ಸ್ ತಂಡದಲ್ಲಿ ಆಡುತ್ತಿದ್ದ ಶೇನ್ ಬ್ಯಾಟಿಯರ್ ಇದಕ್ಕೆ ಪ್ರಸಿದ್ಧ ನಿದರ್ಶನ. ಅವರು ಗಳಿಸುತ್ತಿದ್ದ ಅಂಕಗಳು ಸಾಧಾರಣ. ಆದರೆ ಅವರು ಅಂಗಳದಲ್ಲಿದ್ದ ನಿಮಿಷಗಳಲ್ಲಿ ತಂಡ ಎದುರಾಳಿಗಿಂತ ಚೆನ್ನಾಗಿ ಆಡುತ್ತಿತ್ತು. ಆಟಗಾರ ಅಂಗಳದಲ್ಲಿದ್ದಾಗ ತಂಡ ಗಳಿಸಿದ ಅಂಕಗಳಿಂದ ಬಿಟ್ಟುಕೊಟ್ಟ ಅಂಕಗಳನ್ನು ಕಳೆದರೆ ಬರುವ ಸಂಖ್ಯೆಯನ್ನು "ಕೂಡು-ಕಳೆ" ಲೆಕ್ಕ ಎನ್ನಬಹುದು.

ಇದರಲ್ಲೊಂದು ತೊಡಕಿದೆ. ಒಳ್ಳೆಯ ಜೊತೆಗಾರರೊಂದಿಗೆ ಆಡಿದವನ ಸಂಖ್ಯೆ ತಾನಾಗಿ ಮೇಲೇರುತ್ತದೆ. ಪರಿಹಾರ ನಮಗೆ ಗೊತ್ತಿರುವ ಬೀಜಗಣಿತವೇ. ಅಂಗಳದಲ್ಲಿ ಯಾವಾಗಲೂ ಹತ್ತು ಮಂದಿ ಇರುತ್ತಾರೆ. ಆ ಹತ್ತು ಮಂದಿ ಬದಲಾಗದೆ ಆಡಿದ ಪ್ರತಿಯೊಂದು ಅವಧಿಯೂ ಹತ್ತು ಅಜ್ಞಾತಗಳ ಒಂದು ಸಮೀಕರಣ. ಒಂದು ಋತುವಿನಲ್ಲಿ ಇಂತಹ ಸಾವಿರಾರು ಸಮೀಕರಣಗಳು ಸಿಗುತ್ತವೆ. ಅಜ್ಞಾತಗಳು ಕೆಲವು ನೂರು. ಲಜಾಂಡ್ರ 1805ರಲ್ಲಿ ಪ್ರಕಟಿಸಿದ ಕನಿಷ್ಠ ವರ್ಗ ವಿಧಾನದಿಂದ ಇವನ್ನು ಬಿಡಿಸಿ, ಒಬ್ಬೊಬ್ಬನ ಪಾಲನ್ನು ಬೇರ್ಪಡಿಸಬಹುದು.

ಕ್ರಿಕೆಟ್‌ನಲ್ಲಿ ಪ್ರತಿ ಎಸೆತವೂ ಒಬ್ಬ ದಾಂಡಿಗ ಮತ್ತು ಒಬ್ಬ ಬೌಲರ್ ನಡುವಿನ ಸ್ಪರ್ಧೆ. ಹೀಗಾಗಿ ಬೇರ್ಪಡಿಸುವ ಕೆಲಸ ಸುಲಭ. ಆದರೆ ಎಸೆತಗಳ ಸಂಖ್ಯೆ ಕಡಿಮೆ. ಈ ಎರಡನೆಯ ಅಂಶವೇ ಮುಂದೆ ನಮ್ಮನ್ನು ಬಹಳ ಕಾಡಲಿದೆ.

ರೂಪಾಯಿಯಲ್ಲ, ಪಾಲು

ಮೊದಲ ಹೆಜ್ಜೆ, ಬೆಲೆಯನ್ನು ರೂಪಾಯಿಯಲ್ಲಿ ನೋಡುವುದನ್ನು ಬಿಡುವುದು. ಐಪಿಎಲ್‌ನಲ್ಲಿ ಪ್ರತಿ ತಂಡ ಆಟಗಾರರ ಮೇಲೆ ಖರ್ಚು ಮಾಡಬಹುದಾದ ಹಣಕ್ಕೆ ಒಂದು ಮಿತಿ ಇದೆ. 2017ರಲ್ಲಿ ಇದು 66 ಕೋಟಿ, 2018ರಲ್ಲಿ 80 ಕೋಟಿ, 2021ರಲ್ಲಿ 85 ಕೋಟಿ, 2022ರಲ್ಲಿ 90 ಕೋಟಿ, 2025ರಲ್ಲಿ 120 ಕೋಟಿ. ತಂಡದ ಒಡೆಯ ಎಷ್ಟೇ ಸಿರಿವಂತನಾಗಿದ್ದರೂ ಮಿತಿಯ ಆಚೆ ಹೋಗುವಂತಿಲ್ಲ. ಆದ್ದರಿಂದ ಒಬ್ಬನಿಗೆ ಕೊಟ್ಟ ಹಣ ಇನ್ನೊಬ್ಬನಿಗೆ ಕೊಡಲಾಗದ ಹಣ. ಅರ್ಥಶಾಸ್ತ್ರದಲ್ಲಿ ಇದಕ್ಕೆ ಅವಕಾಶ ವೆಚ್ಚ ಎಂದು ಹೆಸರು.

ಗೌತಮ್ ಅವರ ಬೆಲೆಗಳನ್ನು ಈ ಮಿತಿಯ ಶೇಕಡಾವಾರು ಪಾಲಾಗಿ ಬರೆದರೆ 2017ರಲ್ಲಿ 3.0, 2018ರಲ್ಲಿ 7.75, 2021ರಲ್ಲಿ 10.9, 2022ರಲ್ಲಿ 1.0 ಬರುತ್ತದೆ. ವರ್ಷ ವರ್ಷಗಳ ನಡುವೆ ಹೋಲಿಕೆ ಮಾಡಬೇಕಾದದ್ದು ಈ ಸಂಖ್ಯೆಗಳನ್ನು.

ಇದನ್ನು ಮರೆತರೆ ಏನಾಗುತ್ತದೆ? ಎನ್‌ಬಿಎಯಲ್ಲಿ 2015-16ರಲ್ಲಿ 7 ಕೋಟಿ ಡಾಲರ್ ಇದ್ದ ಸಂಬಳದ ಮಿತಿ, ದೂರದರ್ಶನ ಪ್ರಸಾರದ ಹೊಸ ಒಪ್ಪಂದದಿಂದ ಮರುವರ್ಷ 9.4 ಕೋಟಿ ಡಾಲರಿಗೆ ಜಿಗಿಯಿತು. ಆ ಬೇಸಿಗೆಯಲ್ಲಿ ಪೂರಕ ಆಟಗಾರರಿಗೆ ಸಿಕ್ಕ ಸಂಬಳ ಕಂಡು ಅಭಿಮಾನಿಗಳು ಬೆಚ್ಚಿದರು. ವರ್ಷಕ್ಕೆ 1.6 ಕೋಟಿ ಡಾಲರ್ ಎಂಬುದು ಹಳೆಯ ಮಿತಿಯಲ್ಲಿ ಶೇ. 23ರಷ್ಟು; ಹೊಸ ಮಿತಿಯಲ್ಲಿ ಶೇ. 17 ಮಾತ್ರ. ಎಲ್ಲರ ಸಂಬಳವೂ ಹೆಚ್ಚಿದಾಗ ಒಬ್ಬನನ್ನೇ ಬೊಟ್ಟುಮಾಡಿ "ಹೆಚ್ಚು" ಎನ್ನುವುದರಲ್ಲಿ ಅರ್ಥವಿಲ್ಲ.

ಸೊನ್ನೆ ಎಲ್ಲಿದೆ?

ಉಷ್ಣತೆ ಅಳೆಯುವಾಗ ಸೊನ್ನೆ ಎಲ್ಲಿ ಎಂಬುದು ಮುಖ್ಯ. ಆಟಗಾರನ ಮೌಲ್ಯಕ್ಕೂ ಹಾಗೆಯೆ. ಅವನು ಇಲ್ಲದಿದ್ದರೆ ತಂಡದಲ್ಲಿ ಹತ್ತೇ ಮಂದಿ ಇರುತ್ತಿರಲಿಲ್ಲ. ಕನಿಷ್ಠ ಬೆಲೆಗೆ ಸಿಗುವ ಇನ್ನೊಬ್ಬ ಆಟಗಾರ ಆ ಜಾಗದಲ್ಲಿರುತ್ತಿದ್ದ. ಆದ್ದರಿಂದ ಹೋಲಿಸಬೇಕಾದದ್ದು ಖಾಲಿ ಜಾಗಕ್ಕಲ್ಲ, ಈ ಅಗ್ಗದ ಬದಲಿಗೆ. ಇದನ್ನು ಬದಲಿ ಮಟ್ಟ ಎನ್ನೋಣ. ಅಮೆರಿಕದ ಬೇಸ್‌ಬಾಲ್ ಲೆಕ್ಕಿಗರು ಈ ಕಲ್ಪನೆಯನ್ನು ಬೆಳೆಸಿದರು. ಬ್ಯಾಸ್ಕೆಟ್‌ಬಾಲ್‌ನವರು ಎರವಲು ಪಡೆದರು.

2018ರಲ್ಲಿ ಕನಿಷ್ಠ ಮೂಲ ಬೆಲೆ 20 ಲಕ್ಷ ರೂ. ಒಂದು ತಂಡ 25 ಮಂದಿಯನ್ನೂ ಈ ಬೆಲೆಗೇ ಕೊಂಡರೆ ಖರ್ಚು 5 ಕೋಟಿ. ಇಂತಹ ತಂಡ ಲೀಗ್ ಹಂತದ 14 ಪಂದ್ಯಗಳಲ್ಲಿ 3 ಗೆಲ್ಲುತ್ತದೆ ಎಂದು ಭಾವಿಸೋಣ. (ಇದು ನಮ್ಮ ಊಹೆ. ಮುಂದೆ ಇದನ್ನು ಬದಲಿಸಿ ನೋಡಬಹುದು.) ಪೂರ್ತಿ 80 ಕೋಟಿ ಖರ್ಚು ಮಾಡಿದ ಸರಾಸರಿ ತಂಡ ಅರ್ಧ ಪಂದ್ಯಗಳನ್ನು, ಎಂದರೆ 7 ಪಂದ್ಯಗಳನ್ನು ಗೆಲ್ಲುತ್ತದೆ. ಹೆಚ್ಚುವರಿ 75 ಕೋಟಿ ರೂಪಾಯಿ 4 ಹೆಚ್ಚುವರಿ ಗೆಲುವುಗಳನ್ನು ಕೊಂಡಿತು ಎಂದಾಯಿತು.

ಒಂದು ಹೆಚ್ಚುವರಿ ಗೆಲುವಿನ ಬೆಲೆ = 75 ÷ 4 = 18.75 ಕೋಟಿ ರೂ.

ಅಗ್ಗದ ತಂಡ 2 ಪಂದ್ಯ ಗೆಲ್ಲುತ್ತದೆಂದರೆ ಈ ಬೆಲೆ 15 ಕೋಟಿ, 4 ಗೆಲ್ಲುತ್ತದೆಂದರೆ 25 ಕೋಟಿ ಆಗುತ್ತದೆ. ಊಹೆ ಬದಲಾದರೆ ಉತ್ತರ ಎಷ್ಟು ಬದಲಾಗುತ್ತದೆ ಎಂಬುದನ್ನು ತೋರಿಸುವುದೂ ಲೆಕ್ಕದ ಪ್ರಾಮಾಣಿಕತೆಯ ಒಂದು ಭಾಗ.

ಈಗ 6.2 ಕೋಟಿಯ ಆಟಗಾರ ಬದಲಿಗಿಂತ 6 ಕೋಟಿ ಹೆಚ್ಚು ಪಡೆಯುತ್ತಾನೆ. ಅದಕ್ಕೆ ಪ್ರತಿಯಾಗಿ ಅವನು ತರಬೇಕಾದದ್ದು 6 ÷ 18.75 = 0.32 ಗೆಲುವು. ಇಡೀ ಋತುವಿನಲ್ಲಿ ಮೂರನೆಯ ಒಂದು ಗೆಲುವು! ಪೂರಕ ಆಟಗಾರನಿಂದ ಜನ ನಿರೀಕ್ಷಿಸುವುದಕ್ಕಿಂತ ಇದು ಬಹಳ ಕಡಿಮೆ.

ರನ್ನಿನಿಂದ ಗೆಲುವಿಗೆ

ಗೆಲುವನ್ನು ರನ್‌ಗಳಾಗಿ ಬದಲಿಸುವುದು ಹೇಗೆ? ಇಪ್ಪತ್ತು ಓವರ್‌ಗಳ ಪಂದ್ಯದಲ್ಲಿ ಎರಡು ಸಮಬಲದ ತಂಡಗಳ ಮೊತ್ತಗಳ ವ್ಯತ್ಯಾಸ ಸೊನ್ನೆಯ ಸುತ್ತ ಗಂಟೆಯಾಕಾರದ ಸಾಮಾನ್ಯ ವಕ್ರರೇಖೆಯಂತೆ ಹರಡಿದೆ, ಅದರ ಮಾನಕ ವಿಚಲನೆ 30 ರನ್ ಎಂದು ಇಟ್ಟುಕೊಳ್ಳೋಣ. ಈ ವಕ್ರರೇಖೆಯ ನಡುಬಿಂದುವಿನಲ್ಲಿ ಎತ್ತರ 0.399 ÷ 30 = 0.0133. ಅರ್ಥವೇನು? ತಂಡಕ್ಕೆ ಒಂದು ರನ್ ಹೆಚ್ಚು ಸಿಕ್ಕರೆ ಗೆಲ್ಲುವ ಸಂಭವನೀಯತೆ 0.0133ರಷ್ಟು ಏರುತ್ತದೆ. ಹಾಗಾದರೆ ಒಂದು ಪೂರ್ಣ ಗೆಲುವಿಗೆ ಬೇಕಾದದ್ದು 1 ÷ 0.0133, ಸುಮಾರು 75 ರನ್, ಋತುವಿನುದ್ದಕ್ಕೂ ಚದುರಿಕೊಂಡು.

0.32 ಗೆಲುವು ಎಂದರೆ 24 ರನ್. 14 ಪಂದ್ಯಗಳಿಗೆ ಹಂಚಿದರೆ ಪಂದ್ಯಕ್ಕೆ 1.7 ರನ್. ಬದಲಿ ಆಟಗಾರನಿಗಿಂತ ಪಂದ್ಯಕ್ಕೆ ಎರಡು ರನ್‌ಗೂ ಕಡಿಮೆ ಹೆಚ್ಚುವರಿ ಕೊಡುಗೆ ಇದ್ದರೆ 6.2 ಕೋಟಿ ಸಂದಾಯವಾದಂತೆ. ಆ ರನ್ ಬ್ಯಾಟಿನಿಂದ ಬರಬಹುದು, ಬೌಲಿಂಗ್‌ನಲ್ಲಿ ಉಳಿಸಿದ್ದಾಗಬಹುದು, ಬೌಂಡರಿಯಲ್ಲಿ ತಡೆದದ್ದೂ ಆಗಬಹುದು. ಕಣ್ಣಿಗೆ ಕಾಣದಷ್ಟು ಸಣ್ಣ ವ್ಯತ್ಯಾಸ ಇದು. ಪೂರಕ ಆಟಗಾರನ ಬೆಲೆಯ ಬಗ್ಗೆ ಬರಿಗಣ್ಣಿನ ತೀರ್ಪು ಏಕೆ ದಾರಿ ತಪ್ಪುತ್ತದೆ ಎಂಬುದಕ್ಕೆ ಇದೇ ಕಾರಣ.

64 ಎಸೆತಗಳ ಸಾಕ್ಷ್ಯ

2018ರಲ್ಲಿ ಗೌತಮ್ ರಾಜಸ್ಥಾನ್ ಪರ 15 ಪಂದ್ಯ ಆಡಿ 64 ಎಸೆತಗಳಲ್ಲಿ 126 ರನ್ ಗಳಿಸಿ, 11 ವಿಕೆಟ್ ಪಡೆದರು. ಬ್ಯಾಟಿಂಗನ್ನಷ್ಟೇ ನೋಡೋಣ. ಅದೇ ಜಾಗದಲ್ಲಿ ಆಡುವ ಬದಲಿ ದಾಂಡಿಗ 100 ಎಸೆತಕ್ಕೆ 130 ರನ್ ಗಳಿಸುತ್ತಾನೆ ಎಂದುಕೊಂಡರೆ 64 ಎಸೆತಗಳಲ್ಲಿ 83 ರನ್. ಹೆಚ್ಚುವರಿ 43 ರನ್. 43 ÷ 75 = 0.57 ಗೆಲುವು, ಬೆಲೆಯಲ್ಲಿ ಸುಮಾರು 10.7 ಕೋಟಿ. ಅಂದರೆ ಕೊಟ್ಟದ್ದಕ್ಕಿಂತ ಹೆಚ್ಚೇ ಬಂತು.

ಆದರೆ ಇಲ್ಲಿಗೇ ನಿಲ್ಲಿಸುವಂತಿಲ್ಲ. ಏಪ್ರಿಲ್ 22ರಂದು ಜೈಪುರದಲ್ಲಿ ಮುಂಬೈ ವಿರುದ್ಧ ಕೈತಪ್ಪುತ್ತಿದ್ದ ಪಂದ್ಯವನ್ನು ಅವರು 11 ಎಸೆತಗಳಲ್ಲಿ ಔಟಾಗದೆ 33 ರನ್ ಹೊಡೆದು ಗೆಲ್ಲಿಸಿಕೊಟ್ಟರು. ಆ 43 ಹೆಚ್ಚುವರಿ ರನ್‌ಗಳಲ್ಲಿ 19 ಬಂದದ್ದು ಈ ಹನ್ನೊಂದು ಎಸೆತಗಳಿಂದಲೆ. ಉಳಿದ 53 ಎಸೆತಗಳಿಂದ 24. ಒಂದೇ ಸಂಜೆ ಇಡೀ ಋತುವಿನ ಲೆಕ್ಕವನ್ನು ತಿರುಗಿಸಬಲ್ಲದಾದರೆ, ಆ ಲೆಕ್ಕ ಎಷ್ಟು ಗಟ್ಟಿ?

ಇದನ್ನು ಅಳೆಯಬಹುದು. ಬಿರುಸಿನ ದಾಂಡಿಗನ ಒಂದು ಎಸೆತದ ಫಲ 0, 1, 2, 4, 6 ಹೀಗೆ ಏರಿಳಿಯುತ್ತದೆ. ಅದರ ಮಾನಕ ವಿಚಲನೆ 2 ರನ್ ಎನ್ನೋಣ. n ಎಸೆತಗಳ ಮೊತ್ತದ ಮಾನಕ ವಿಚಲನೆ 2 × √n. 64 ಎಸೆತಗಳಿಗೆ 2 × 8 = 16 ರನ್. ಆದ್ದರಿಂದ ನಿಜವಾದ ಕೊಡುಗೆ 43ರಿಂದ ಆಚೀಚೆ 32 ರನ್ ವ್ಯಾಪ್ತಿಯಲ್ಲಿ, ಎಂದರೆ 11ರಿಂದ 75ರವರೆಗೆ ಎಲ್ಲಿಯಾದರೂ ಇರಬಹುದು. ಬೆಲೆಯಲ್ಲಿ ಹೇಳುವುದಾದರೆ 2.75 ಕೋಟಿಯಿಂದ 18.75 ಕೋಟಿಯವರೆಗೆ! ಅದೃಷ್ಟ ಮತ್ತು ಕೌಶಲ ಎಷ್ಟು ಬೆರೆತುಕೊಂಡಿವೆ ನೋಡಿ.

ಸಣ್ಣ ಮಾದರಿಯ ಇನ್ನೊಂದು ಬೆರಗು: 2019ರ ಆಗಸ್ಟ್ 23ರಂದು ಕರ್ನಾಟಕ ಪ್ರೀಮಿಯರ್ ಲೀಗ್‌ನಲ್ಲಿ ಬಳ್ಳಾರಿ ಟಸ್ಕರ್ಸ್ ಪರವಾಗಿ ಗೌತಮ್ 56 ಎಸೆತಗಳಲ್ಲಿ ಔಟಾಗದೆ 134 ರನ್ ಬಾರಿಸಿದರು, ಅದೇ ಪಂದ್ಯದಲ್ಲಿ 15 ರನ್ ಕೊಟ್ಟು 8 ವಿಕೆಟ್ ಕಿತ್ತರು. ಆದರೆ ಅದೇ ವರ್ಷದ ಐಪಿಎಲ್‌ನಲ್ಲಿ 7 ಪಂದ್ಯಗಳಲ್ಲಿ ಅವರಿಗೆ ಸಿಕ್ಕದ್ದು ಒಂದೇ ವಿಕೆಟ್. ಆಟಗಾರ ಒಬ್ಬನೇ. ಯಾವ ಸಂಖ್ಯೆಯನ್ನು ನಂಬುವುದು? ಎರಡನ್ನೂ ಪೂರ್ತಿ ನಂಬಬಾರದು ಎಂಬುದೇ ಸಂಖ್ಯಾಶಾಸ್ತ್ರದ ಉತ್ತರ.

ಸರಾಸರಿಯ ಸೆಳೆತ

ಎತ್ತರದ ತಂದೆ ತಾಯಿಯರ ಮಕ್ಕಳು ಸರಾಸರಿಗಿಂತ ಎತ್ತರವಾದರೂ ತಂದೆ ತಾಯಿಯರಷ್ಟು ಅಲ್ಲ ಎಂಬುದನ್ನು ಫ್ರಾನ್ಸಿಸ್ ಗಾಲ್ಟನ್ 1886ರಲ್ಲಿ ಪ್ರಕಟಿಸಿದ. ಇದೇ ಸರಾಸರಿಯ ಕಡೆಗೆ ಹಿಂಚಲನೆ. ಅದೃಷ್ಟದ ಪಾಲಿರುವ ಯಾವುದೇ ಅಳತೆಯಲ್ಲೂ ಇದು ಕಂಡುಬರುತ್ತದೆ. ಕಳೆದ ವರ್ಷ ಮಿಂಚಿದವನಲ್ಲಿ ಕೌಶಲದ ಜೊತೆ ಒಳ್ಳೆಯ ಅದೃಷ್ಟವೂ ಸೇರಿರುತ್ತದೆ. ಕೌಶಲ ಮರುವರ್ಷವೂ ಬರುತ್ತದೆ. ಅದೃಷ್ಟ ಬರಲೇಬೇಕೆಂದಿಲ್ಲ.

ಎಷ್ಟು ಹಿಂಚಲಿಸಬೇಕು? ಒಂದು ಸರಳ ಸೂತ್ರವಿದೆ. ಕಂಡ ವ್ಯತ್ಯಾಸವನ್ನು n ÷ (n + k) ಎಂಬ ಭಿನ್ನರಾಶಿಯಿಂದ ಗುಣಿಸಬೇಕು. ಇಲ್ಲಿ n ಎಂದರೆ ಎಸೆತಗಳ ಸಂಖ್ಯೆ. k ಎಂದರೆ ಒಂದು ಎಸೆತದ ಏರಿಳಿತದ ವರ್ಗವನ್ನು ಆಟಗಾರರ ನಡುವಿನ ನಿಜ ಕೌಶಲದ ಏರಿಳಿತದ ವರ್ಗದಿಂದ ಭಾಗಿಸಿದ ಫಲ. ಮೊದಲನೆಯದು 2. ಎರಡನೆಯದು ಎಸೆತಕ್ಕೆ 0.14 ರನ್ ಎಂದುಕೊಂಡರೆ k = 4 ÷ 0.0196, ಸುಮಾರು 200.

64 ÷ 264 = 0.24. ಅಂದರೆ ಕಂಡ 43 ರನ್‌ಗಳಲ್ಲಿ ಮುಂದಿನ ವರ್ಷಕ್ಕೆ ನೆಚ್ಚಬಹುದಾದದ್ದು ಸುಮಾರು 10 ರನ್ ಮಾತ್ರ. 2018ರ ದರದಲ್ಲಿ 2.6 ಕೋಟಿ. ಬೌಲಿಂಗ್‌ಗೆ ಬೇರೆ ಲೆಕ್ಕ ಹಾಕಿ ಕೂಡಿಸಬೇಕು. ರಣಜಿ ಮತ್ತು ದೇಶೀಯ ಟಿ-20 ಪಂದ್ಯಗಳ ಅಂಕಿಅಂಶಗಳೂ ಸೇರಿದರೆ n ದೊಡ್ಡದಾಗಿ ಅಂದಾಜು ಗಟ್ಟಿಯಾಗುತ್ತದೆ. ಆದರೆ ತತ್ವ ಇಷ್ಟೆ: ಸಾಕ್ಷ್ಯ ಕಡಿಮೆ ಇದ್ದಷ್ಟೂ ಸರಾಸರಿಯ ಹತ್ತಿರ ನಿಲ್ಲಿ.

ಕೌಶಲವೊಂದೇ ಸಾಲದು, ಆಡಲು ಸಿಗುವ ಸಂಭವವನ್ನೂ ಗುಣಿಸಬೇಕು. ಇದು ನಿರೀಕ್ಷಿತ ಮೌಲ್ಯ. ಬೆಂಗಳೂರಿನ ವೇಗದ ಬೌಲರ್ ಪ್ರಸಿದ್ಧ ಕೃಷ್ಣ ಅವರನ್ನು 2022ರಲ್ಲಿ ರಾಜಸ್ಥಾನ್ 10 ಕೋಟಿಗೆ ಕೊಂಡಿತು, ಮಿತಿಯ ಶೇ. 11.1. ಆ ವರ್ಷ 19 ವಿಕೆಟ್ ಪಡೆದ ಅವರು ಗಾಯದಿಂದ 2023 ಮತ್ತು 2024ರ ಎರಡೂ ಋತುಗಳನ್ನು ಕಳೆದುಕೊಂಡರು. 2025ಕ್ಕೆ ಗುಜರಾತ್ ಟೈಟನ್ಸ್ ಅವರನ್ನು 9.5 ಕೋಟಿಗೆ, ಮಿತಿಯ ಶೇ. 7.9ಕ್ಕೆ, ಪಡೆಯಿತು. ಅವರು 25 ವಿಕೆಟ್‌ಗಳೊಂದಿಗೆ ಆ ವರ್ಷದ ಅತಿ ಹೆಚ್ಚು ವಿಕೆಟ್ ಪಡೆದ ಬೌಲರ್ ಆದರು. ವೇಗದ ಬೌಲರ್‌ಗಳ ಬೆನ್ನಿಗೆ ಪೆಟ್ಟು ಬೀಳುವ ಅಪಾಯ ಎಲ್ಲರಿಗೂ ಗೊತ್ತಿರುವಂಥದು. ಆ ಅಪಾಯವನ್ನು ಬೆಲೆಯೊಳಗೆ ಮೊದಲೇ ಸೇರಿಸಬೇಕೇ ಹೊರತು, ಗಾಯವಾದ ಮೇಲೆ ಆಟಗಾರನನ್ನು ದೂರುವುದು ಸರಿಯಲ್ಲ.

ಗೆದ್ದವನ ಶಾಪ

ಇನ್ನು ಹರಾಜಿನ ಸ್ವಭಾವ. ಏರುಬಿಡ್ಡಿನ ಹರಾಜಿನಲ್ಲಿ ಅಂತಿಮ ಬೆಲೆಯನ್ನು ನಿರ್ಧರಿಸುವವನು ಗೆದ್ದವನಲ್ಲ, ಎರಡನೆಯವನು. ಅವನು ಕೈಬಿಟ್ಟ ಕ್ಷಣ ಸುತ್ತಿಗೆ ಬೀಳುತ್ತದೆ. ಇಬ್ಬರು ಹಟಕ್ಕೆ ಬಿದ್ದರೆ ಸಾಕು, ಬೆಲೆ ಮುಗಿಲು ಮುಟ್ಟುತ್ತದೆ. ಉಳಿದ ತಂಡಗಳ ಅಭಿಪ್ರಾಯಕ್ಕೆ ಬೆಲೆಯಲ್ಲಿ ಜಾಗವೇ ಇಲ್ಲ.

ಶಿರಾ ತಾಲ್ಲೂಕಿನ ತಾವರೆಕೆರೆಯಂತಹ ಊರಿನವರಿಗೆ ಇದನ್ನು ಕಡಲೆಕಾಯಿಯ ಮೂಲಕ ಹೇಳುವುದು ಸುಲಭ. ಒಂದು ರಾಶಿ ಕಡಲೆಕಾಯಿಗೆ ಹತ್ತು ವ್ಯಾಪಾರಿಗಳು ಬರುತ್ತಾರೆ. ಪ್ರತಿಯೊಬ್ಬನೂ ಒಂದು ಹಿಡಿ ಸುಲಿದು ನೋಡಿ, ಎಷ್ಟು ಬೀಜ ಇಳಿಯಬಹುದೆಂದು ಅಂದಾಜು ಮಾಡುತ್ತಾನೆ. ಹತ್ತು ಅಂದಾಜುಗಳ ಸರಾಸರಿ ಸತ್ಯಕ್ಕೆ ಹತ್ತಿರ ಇರಬಹುದು. ಆದರೆ ರಾಶಿ ಯಾರಿಗೆ ಹೋಗುತ್ತದೆ? ಅತಿ ಹೆಚ್ಚು ಅಂದಾಜು ಮಾಡಿದವನಿಗೆ, ಎಂದರೆ ಬಹುಶಃ ಮೇಲ್ಮುಖವಾಗಿ ಅತಿ ಹೆಚ್ಚು ತಪ್ಪಿದವನಿಗೆ. ಗೆಲ್ಲುವುದೇ ನಷ್ಟದ ಸೂಚನೆ. ಇದು ಗೆದ್ದವನ ಶಾಪ.

ಮೆಕ್ಸಿಕೋ ಕೊಲ್ಲಿಯ ಎಣ್ಣೆಬಾವಿಗಳ ಹರಾಜಿನಲ್ಲಿ ಕಂಪನಿಗಳಿಗೆ ಏಕೆ ಲಾಭ ಹುಟ್ಟುತ್ತಿಲ್ಲ ಎಂದು ಹುಡುಕಹೊರಟ ಕೇಪನ್, ಕ್ಲಾಪ್ ಮತ್ತು ಕ್ಯಾಂಬೆಲ್ ಎಂಬ ಮೂವರು ಎಂಜಿನಿಯರರು 1971ರಲ್ಲಿ ಇದನ್ನು ವಿವರಿಸಿದರು. 1983ರಲ್ಲಿ ಬೇಜರ್‌ಮನ್ ಮತ್ತು ಸ್ಯಾಮುಯೆಲ್ಸನ್ ಬಾಸ್ಟನ್‌ನ ವಿದ್ಯಾರ್ಥಿಗಳ ಮುಂದೆ 8 ಡಾಲರ್ ಮೌಲ್ಯದ ಜಾಡಿಗಳನ್ನಿಟ್ಟು ಹರಾಜು ನಡೆಸಿದರು. ವಿದ್ಯಾರ್ಥಿಗಳ ಅಂದಾಜಿನ ಸರಾಸರಿ 5.13 ಡಾಲರ್, ನಿಜಕ್ಕಿಂತ ಕಡಿಮೆ. ಆದರೂ ಗೆದ್ದ ಕೂಗುಗಳ ಸರಾಸರಿ 10.01 ಡಾಲರ್! ಗುಂಪು ಜಿಪುಣವಾಗಿದ್ದರೂ ಗೆದ್ದವನು ಸೋತಿದ್ದ. ಹರಾಜಿನ ಸಿದ್ಧಾಂತವನ್ನು ಬೆಳೆಸಿದ ಪಾಲ್ ಮಿಲ್‌ಗ್ರೋಮ್ ಮತ್ತು ರಾಬರ್ಟ್ ವಿಲ್ಸನ್ ಅವರಿಗೆ 2020ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ಹೀಗಾಗಿ ಜಾಣ ತಂಡ ತನ್ನ ಅಂದಾಜಿಗಿಂತ ಕೆಳಗೇ ನಿಲ್ಲುತ್ತದೆ. ಸ್ಪರ್ಧಿಗಳು ಹೆಚ್ಚಿದಷ್ಟೂ ಇನ್ನೂ ಕೆಳಗೆ.

ಅದೇ ಮನುಷ್ಯ, ಬೇರೆ ಮಾರುಕಟ್ಟೆ

ಈಗ 2021ರ 9.25 ಕೋಟಿ ಮತ್ತು 2022ರ 90 ಲಕ್ಷದ ಒಗಟಿಗೆ ಬರೋಣ. 2021ರ ಫೆಬ್ರವರಿಯಲ್ಲಿ ಚೆನ್ನೈಯಲ್ಲಿ ನಡೆದದ್ದು ಕಿರು ಹರಾಜು. ತಂಡಗಳು ಮುಖ್ಯ ಆಟಗಾರರನ್ನು ಉಳಿಸಿಕೊಂಡಿದ್ದವು. ಮಾರಾಟವಾದವರು 57 ಮಂದಿ. ಆಫ್ ಸ್ಪಿನ್ ಎಸೆದು ಬ್ಯಾಟನ್ನೂ ಬೀಸಬಲ್ಲ ಭಾರತೀಯರಾದ ರವಿಚಂದ್ರನ್ ಅಶ್ವಿನ್, ವಾಷಿಂಗ್ಟನ್ ಸುಂದರ್ ಮಾರುಕಟ್ಟೆಗೇ ಬಂದಿರಲಿಲ್ಲ. ಹರಾಜಿನಲ್ಲಿ ಉಳಿಸಿದ ಹಣಕ್ಕೆ ಆ ವರ್ಷ ಪಂದ್ಯ ಗೆಲ್ಲಿಸುವ ಶಕ್ತಿ ಇಲ್ಲ. ಸರಕು ಕಡಿಮೆ, ಕೈಯಲ್ಲಿ ಹಣ ಇದೆ; ಬೆಲೆ ಏರದೆ ಇರುತ್ತದೆಯೆ? ಅದೇ ದಿನ ಕ್ರಿಸ್ ಮಾರಿಸ್ 16.25 ಕೋಟಿಗೆ ಹೋಗಿ ಅಂದಿನ ದಾಖಲೆ ಬರೆದರು.

2022ರಲ್ಲಿ ಬೆಂಗಳೂರಿನಲ್ಲಿ ನಡೆದದ್ದು ಮಹಾ ಹರಾಜು. ಮಾರಾಟವಾದವರು 204 ಮಂದಿ. ಅಶ್ವಿನ್ 5 ಕೋಟಿಗೆ, ಸುಂದರ್ 8.75 ಕೋಟಿಗೆ ಲಭ್ಯರಾದರು. ಬದಲಿಗಳು ಕೈಗೆಟುಕುವಂತಿದ್ದಾಗ ಯಾವ ಪೂರಕ ಆಟಗಾರನ ಬೆಲೆಯೂ ಕುಸಿಯುತ್ತದೆ. ತಾರೆಗೆ ಬದಲಿ ಇಲ್ಲ, ಪೂರಕ ಆಟಗಾರನಿಗೆ ಇದೆ. ಅವನ ಬೆಲೆ ಅವನಿಗಿಂತ ಹೆಚ್ಚಾಗಿ ಅವನಂಥವರು ಎಷ್ಟು ಮಂದಿ ಸಾಲಿನಲ್ಲಿದ್ದಾರೆ ಎಂಬುದನ್ನು ಅವಲಂಬಿಸಿದೆ.

ಇನ್ನೊಂದು ಅಂಶ ತಂಡದೊಳಗಿನದು. 2021ರ ಅದೇ ಹರಾಜಿನಲ್ಲಿ ಚೆನ್ನೈ ತಂಡ ಇಂಗ್ಲೆಂಡಿನ ಮೊಯೀನ್ ಅಲಿಯನ್ನು 7 ಕೋಟಿಗೆ ಕೊಂಡಿತ್ತು. ಅವರೂ ಆಫ್ ಸ್ಪಿನ್ ಎಸೆಯುವ ಆಲ್‌ರೌಂಡರ್. ಅವರು 15 ಪಂದ್ಯ ಆಡಿ 357 ರನ್, 6 ವಿಕೆಟ್ ಗಳಿಸಿದರು. ರವೀಂದ್ರ ಜಡೇಜ ತಂಡದಲ್ಲಿ ಇದ್ದೇ ಇದ್ದರು. ಒಂದು ಹೊಲಕ್ಕೆ ಒಂದು ಪಂಪ್‌ಸೆಟ್ ಅಮೂಲ್ಯ. ಅದೇ ಬಾವಿಗೆ ಎರಡನೆಯದು ಇಟ್ಟರೆ ನೀರು ಇಮ್ಮಡಿಯಾಗದು. ಇದೇ ಇಳಿಮುಖ ಸೀಮಾಂತ ತುಷ್ಟಿಗುಣ. ಎರಡನೆಯ ಪಂಪು ಕೆಟ್ಟದ್ದೆಂದು ಇದರ ಅರ್ಥವಲ್ಲ. ಅದೊಂದು ವಿಮೆ. ಮೊದಲನೆಯದು ಕೆಟ್ಟಿದ್ದರೆ ಅದರ ಬೆಲೆ ತಿಳಿಯುತ್ತಿತ್ತು. ಆ ವರ್ಷ ಅದು ಕೆಡಲಿಲ್ಲ. ಚೆನ್ನೈ ಪ್ರಶಸ್ತಿಯನ್ನೂ ಗೆದ್ದಿತು.

ಹಾಗಾದರೆ 9.25 ಕೋಟಿ ಹೆಚ್ಚಾಯಿತೆ? ಮೇಲಿನ ಹೆಜ್ಜೆಗಳನ್ನು ಒಟ್ಟುಗೂಡಿಸಿದರೆ, ಹೌದು ಎನ್ನಲು ಬಲವಾದ ಕಾರಣಗಳಿವೆ. 2018ರಿಂದ 2020ರವರೆಗಿನ ಮೂರು ಐಪಿಎಲ್‌ಗಳಲ್ಲಿ ಒಟ್ಟು 24 ಪಂದ್ಯಗಳ ಸಾಕ್ಷ್ಯ. ಅದರಲ್ಲಿ ಚೆನ್ನಾಗಿದ್ದದ್ದು ಮೊದಲ 15. ಅದೇ ಪಾತ್ರಕ್ಕೆ ತಂಡದಲ್ಲಿ ಆಗಲೇ ಜನರಿದ್ದರು. ಮಿತಿಯ ಶೇ. 10.9 ಎಂಬುದು ಆಡುವ ಹನ್ನೊಂದರಲ್ಲಿ ಖಚಿತ ಜಾಗವಿರುವವನಿಗೆ ಕೊಡಬೇಕಾದ ಪಾಲು. ಗಮನಿಸಿ: "ಅವರು ಒಂದೂ ಪಂದ್ಯ ಆಡಲಿಲ್ಲ" ಎಂಬುದು ಈ ಕಾರಣಗಳಲ್ಲಿ ಇಲ್ಲ. ಅದು ಫಲಿತಾಂಶ, ಹರಾಜಿನ ದಿನ ಯಾರಿಗೂ ತಿಳಿದಿರಲಿಲ್ಲ. ನಿರ್ಧಾರವನ್ನು ಆ ದಿನ ತಿಳಿದಿದ್ದ ಸಂಗತಿಗಳಿಂದಲೇ ಅಳೆಯಬೇಕು.

ಮತ್ತೂ ಒಂದು ಮಾತು. ಬೆಲೆ ಹೆಚ್ಚಾಗಿದ್ದರೆ ಅದು ಕೊಂಡವರ ಲೆಕ್ಕದ ದೋಷ, ಆಟಗಾರನ ದೋಷವಲ್ಲ. ಹರಾಜಿನಲ್ಲಿ ಅವನು ಕೈ ಎತ್ತುವುದಿಲ್ಲ. ಅದೇ ವರ್ಷ ಜುಲೈನಲ್ಲಿ ಕೊಲಂಬೊದಲ್ಲಿ ಶ್ರೀಲಂಕಾ ವಿರುದ್ಧ ಗೌತಮ್ ಭಾರತದ ಪರ ಏಕದಿನ ಪಂದ್ಯ ಆಡಿದರು ಎಂಬುದನ್ನೂ ನೆನೆಯಬೇಕು.

ತರಗತಿಯಲ್ಲಿ ಮಾಡಿ ನೋಡಿ

1. ಒಂದು ಗಾಜಿನ ಜಾಡಿಯಲ್ಲಿ ಎಣಿಸಿದ ಕಡಲೆಕಾಯಿ ತುಂಬಿ. ಪ್ರತಿ ವಿದ್ಯಾರ್ಥಿ ಎಷ್ಟಿದೆಯೆಂದು ಚೀಟಿಯಲ್ಲಿ ಗುಟ್ಟಾಗಿ ಬರೆಯಲಿ. ಸರಾಸರಿಯನ್ನೂ ಅತಿ ದೊಡ್ಡ ಸಂಖ್ಯೆಯನ್ನೂ ನಿಜ ಸಂಖ್ಯೆಗೆ ಹೋಲಿಸಿ. ಮೊದಲು 5 ಮಂದಿಯಿಂದ, ಆಮೇಲೆ 40 ಮಂದಿಯಿಂದ ಮಾಡಿಸಿ. ಗೆದ್ದವನ ಶಾಪ ಹೇಗೆ ಬೆಳೆಯುತ್ತದೆ ಎಂದು ಗಮನಿಸಿ.

2. ಪ್ರತಿ ವಿದ್ಯಾರ್ಥಿ ಒಂದು ನಾಣ್ಯವನ್ನು 10 ಸಲ ಚಿಮ್ಮಲಿ. 7ಕ್ಕಿಂತ ಹೆಚ್ಚು ತಲೆ ಪಡೆದವರನ್ನು "ತಾರೆ"ಗಳೆಂದು ಕರೆದು ಮತ್ತೆ 10 ಸಲ ಚಿಮ್ಮಿಸಿ. ತಾರೆಗಳು ಏನಾದರು?

3. ಶಾಲೆಯ ಕಬಡ್ಡಿ ಪಂದ್ಯಗಳಲ್ಲಿ ಯಾರು ಅಂಗಳದಲ್ಲಿದ್ದಾಗ ಎಷ್ಟು ಅಂಕ ಬಂತು, ಎಷ್ಟು ಹೋಯಿತು ಎಂದು ದಾಖಲಿಸಿ ಕೂಡು-ಕಳೆ ಪಟ್ಟಿ ತಯಾರಿಸಿ. ಅತಿ ಹೆಚ್ಚು ಅಂಕ ತಂದವನೇ ಪಟ್ಟಿಯ ಮೇಲಿದ್ದಾನೆಯೆ?

ಆಟದ ಆಚೆಗೆ

ಈ ಲೆಕ್ಕ ಕೋಟಿಗಳ ಲೋಕಕ್ಕಷ್ಟೇ ಸೀಮಿತವಲ್ಲ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ನಾಲ್ಕು ತಾಲ್ಲೂಕುಗಳಲ್ಲಿ, ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡಗಳಲ್ಲಿ, ಹತ್ತನೆಯ ತರಗತಿಯಲ್ಲಿ 25 ಮಕ್ಕಳಷ್ಟೇ ಇರುವ ಒಂದು ಹಳ್ಳಿ ಶಾಲೆಯನ್ನು ಊಹಿಸಿಕೊಳ್ಳಿ. ಪ್ರತಿ ಮಗುವೂ ತೇರ್ಗಡೆಯಾಗುವ ಸಂಭವನೀಯತೆ 0.8 ಇರಲಿ. ತೇರ್ಗಡೆಯಾಗುವವರ ಸಂಖ್ಯೆಯ ಮಾನಕ ವಿಚಲನೆ √(25 × 0.8 × 0.2) = 2 ಮಕ್ಕಳು, ಎಂದರೆ ಶೇ. 8. ಬೋಧನೆ ಒಂದಿಷ್ಟೂ ಬದಲಾಗದೆ ಇದ್ದರೂ ಫಲಿತಾಂಶ ಒಂದು ವರ್ಷ ಶೇ. 88, ಮರುವರ್ಷ ಶೇ. 72 ಆಗಬಹುದು. ಮೊದಲ ವರ್ಷ ಹಾರ ಹಾಕಿಸಿಕೊಂಡ ಗಣಿತ ಶಿಕ್ಷಕರು ಮರುವರ್ಷ ಕಾರಣ ಕೇಳುವ ನೋಟಿಸ್ ಪಡೆಯಬಹುದು. ಎರಡೂ ಸಲ ಅವರು ಮಾಡಿದ ಪಾಠ ಒಂದೇ.

400 ಮಕ್ಕಳ ಶಾಲೆಯಲ್ಲಿ ಇದೇ ವಿಚಲನೆ ಶೇ. 2 ಮಾತ್ರ. ಹೀಗಾಗಿ ಪಟ್ಟಿಯ ತುತ್ತತುದಿಯಲ್ಲೂ ತಳದಲ್ಲೂ ಸಣ್ಣ ಶಾಲೆಗಳೇ ಹೆಚ್ಚಾಗಿ ಕಾಣಸಿಗುವುದು ಸಹಜ. ಒಂದೇ ವರ್ಷದ ಸಂಖ್ಯೆಯಿಂದ ಶಿಕ್ಷಕರ ಯೋಗ್ಯತೆ ಅಳೆಯುವುದೂ, ಹನ್ನೊಂದು ಎಸೆತಗಳಿಂದ ಆಟಗಾರನ ಬೆಲೆ ಕಟ್ಟುವುದೂ ಒಂದೇ ಬಗೆಯ ತಪ್ಪು. ಐದು ವರ್ಷಗಳ ಫಲಿತಾಂಶವನ್ನು ಒಟ್ಟಿಗೆ ನೋಡಿ, ಮಕ್ಕಳು ಎಲ್ಲಿಂದ ಹೊರಟು ಎಲ್ಲಿಗೆ ತಲುಪಿದರೆಂದು ಹೋಲಿಸಿ ಆಮೇಲೆ ಮಾತಾಡುವುದು ನ್ಯಾಯ.

ಯಾರಿಗಾದರೂ ಸಲ್ಲುವುದಕ್ಕಿಂತ ಹೆಚ್ಚು ಸಂದಿದೆ ಅಥವಾ ಕಡಿಮೆ ಸಂದಿದೆ ಎಂದು ಹೇಳುವ ಮುನ್ನ ನಾಲ್ಕು ಪ್ರಶ್ನೆ ಕೇಳಿಕೊಳ್ಳಿ. ಒಟ್ಟಿನಲ್ಲಿ ಇದು ಎಷ್ಟು ಪಾಲು? ಯಾವ ಬದಲಿಗೆ ಹೋಲಿಸುತ್ತಿದ್ದೇವೆ? ಸಾಕ್ಷ್ಯ ಎಷ್ಟು? ನಿರ್ಧಾರದ ದಿನ ಗೊತ್ತಿದ್ದದ್ದು ಏನು? ಈ ನಾಲ್ಕಕ್ಕೂ ಉತ್ತರ ಹುಡುಕಿದ ವಿದ್ಯಾರ್ಥಿ ಸಂಖ್ಯಾಶಾಸ್ತ್ರದ ತಿರುಳನ್ನು ಕಲಿತಂತೆಯೇ.